ಮಾವನ ಮಾವಿನಕಾಯಿ ಮತ್ತು ಅರವತ್ತನೆಯ ಸಂಖ್ಯೆ

ಮೊಳಕಾಲ್ಮೂರಿನ ನನ್ನ ಸೋದರಮಾವನ ಮನೆಯ ಅಟ್ಟದಲ್ಲಿದ್ದ ನೇಯ್ಗೆ ವಿನ್ಯಾಸದ ಹಳೆಯ ಗ್ರಾಫ್ ಹಾಳೆಗಳಿಗೆ ಗೆದ್ದಲು ಹತ್ತಿತ್ತು. ಉಳಿದದ್ದು ಅತ್ತೆಯ ಮದುವೆ ಸೀರೆಯೊಂದೇ. ಅದರ ಅಂಚಿನ ಮಾವಿನಕಾಯಿ 120ರ ಜಕಾರ್ಡಿನಲ್ಲಿ, ಎಂದರೆ 120 ಎಳೆಗಳನ್ನು ಬೇರೆಬೇರೆಯಾಗಿ ಎತ್ತುವ ಸಾಧನದಲ್ಲಿ, ನೇಯ್ದದ್ದು. ಈಗ ಮಗ್ಗದ ಮೇಲಿರುವುದು 240ರದ್ದು, ಗಿರಾಕಿಗಳಿಗೂ ದೊಡ್ಡಂಚೇ ಬೇಕು. "ಚಳ್ಳಕೆರೆಯಾಗೆ ಹುಡುಗ್ರಿಗೆ ಲೆಕ್ಕ ಹೇಳ್ತೀಯಲ್ಲ ಅಳಿಯ, ಇದನ್ನ ಕಂಪ್ಯೂಟರಿನಾಗೆ ದುಪ್ಪಟ್ಟು ಮಾಡಿಕೊಡು" ಎಂದರು. ಒಂದು ಸಂಜೆಯ ಕೆಲಸ ಅಂದುಕೊಂಡೆ. ದಸರಾ ರಜೆ ಪೂರಾ ಹೋಯಿತು.

ಗ್ರಾಫಿನ ಒಂದು ಚೌಕವೆಂದರೆ ಹಾಸಿನ ಒಂದು ಎಳೆಯನ್ನು ಹೊಕ್ಕಿನ ಒಂದು ಎಳೆ ದಾಟುವ ಜಾಗ. ಜಕಾರ್ಡಿಗೆ ಹಾಕುವ ಕಾರ್ಡಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಮಾವಿನಕಾಯಿಯ ಬಳುಕು ಬಟ್ಟೆಯಲ್ಲಿ ಎಲ್ಲೂ ಇಲ್ಲ. ಇರುವುದು ಬರೀ ಚುಕ್ಕೆಗಳು. ಚುಕ್ಕೆಗಳಿಂದ ಗೆರೆಯನ್ನು ಮರಳಿ ಪಡೆಯುವ ಸ್ಯಾಂಪ್ಲಿಂಗ್ ಪ್ರಮೇಯ ನನಗೆ ಬಾಯಿಪಾಠ. ವಿಟೇಕರ್ 1915ರಲ್ಲಿ, ಕೊಟೆಲ್ನಿಕೊವ್ 1933ರಲ್ಲಿ, ಶಾನನ್ 1949ರಲ್ಲಿ ತಮ್ಮ ತಮ್ಮ ದಾರಿಯಿಂದ ಬಂದು ಮುಟ್ಟಿದ ಮಾತು ಅದು. ಬಾಯಿಪಾಠವೇ ನನ್ನನ್ನು ಕೆಡಿಸಿತು.

ಮೊದಲ ಪೆಟ್ಟು ಫೋಟೋದಲ್ಲೇ ಬಿತ್ತು. ಮೊಬೈಲಿನಲ್ಲಿ ಸೀರೆಯ ಚಿತ್ರ ತೆಗೆದು ಚಿಕ್ಕದು ಮಾಡಿದರೆ ಅಂಚಿನುದ್ದಕ್ಕೂ ನೀರಿನ ಅಲೆಯಂಥ ಗೆರೆಗಳು. ಸೀರೆಯಲ್ಲಿ ಅಂಥದ್ದೇನೂ ಇಲ್ಲ. ಎಳೆಗಳು ಒತ್ತಾಗಿದ್ದು ಚಿತ್ರದ ಚುಕ್ಕೆಗಳು ವಿರಳವಾಗಿದ್ದರೆ, ಹಿಡಿತಕ್ಕೆ ಸಿಗದ ನವಿರು ಗೆರೆ ಒರಟು ಅಲೆಯ ವೇಷ ಹಾಕಿಕೊಂಡು ಬರುತ್ತದೆ. ವೇಷ ಹಾಕಿದ ಮೇಲೆ ನಿಜದ ಅಲೆಗೂ ಅದಕ್ಕೂ ವ್ಯತ್ಯಾಸ ಹೇಳುವ ಗಣಿತ ಇಲ್ಲ. ಚುಕ್ಕೆ ಆಯುವ ಮೊದಲೇ ಚಿತ್ರವನ್ನು ಕೊಂಚ ಮಸುಕು ಮಾಡಬೇಕಿತ್ತು. ಮಾವ ದೂರದಿಂದ ಕಣ್ಣು ಅರೆಮುಚ್ಚಿ ನೋಡಿ "ಕಾಯಿ ಇಷ್ಟೇ" ಎಂದು ಪೆನ್ಸಿಲ್ಲಿನಲ್ಲಿ ಸುತ್ತು ಎಳೆದಾಗ ಮಾಡಿದ್ದು ಅದನ್ನೇ. ಕೊನೆಗೆ ಭೂತಗನ್ನಡಿ ಹಿಡಿದು ಎಳೆ ಎಣಿಸಿಯೇ ಗ್ರಾಫ್ ತುಂಬಿದೆವು.

ಆಮೇಲೆ ದುಪ್ಪಟ್ಟು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸುವ ಅಧ್ಯಾಪಕರ ತರಬೇತಿಗೆ ಹೋಗಿದ್ದಾಗ ಜೊತೆಯ ಮೇಷ್ಟ್ರೊಬ್ಬರಿಂದ ಪೈಥಾನ್ ಕಲಿತಿದ್ದೆ. ಉಪಾಯ ಸರಳ: 120 ಚುಕ್ಕೆಗಳನ್ನು ಒರಟು-ನವಿರು ಪಟ್ಟೆಗಳ ಮೊತ್ತವಾಗಿ ಬಿಡಿಸುವ ಫೂರಿಯರ್ ಪರಿವರ್ತನೆ ತೆಗೆ, ಅದರ ನಡುವೆ 120 ಸೊನ್ನೆ ಸೇರಿಸು, ಹಿಂದಕ್ಕೆ ತಿರುಗಿಸು, ನಡುವಿನ ಚುಕ್ಕೆಗಳು ತಾವೇ ತುಂಬಿಕೊಳ್ಳುತ್ತವೆ. ನನಗೆ ಬಂದದ್ದು ಕಾಲ್ಪನಿಕ ಸಂಖ್ಯೆಗಳು! ಎರಡು ರಾತ್ರಿ ಕಳೆದ ಮೇಲೆ ತಪ್ಪು ಸಿಕ್ಕಿತು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಎಂಬುದೇ ಮಗ್ಗ ನೇಯಬಲ್ಲ ಅತಿ ನವಿರು ಪಟ್ಟೆ. 120 ಎಳೆಯಲ್ಲಿ ಅಂಥವು 60. ಆ ಅರವತ್ತನೆಯ ಸಂಖ್ಯೆ ಧನ ಆವರ್ತನಕ್ಕೂ ಸೇರಿದ್ದು, ಋಣ ಆವರ್ತನಕ್ಕೂ ಸೇರಿದ್ದು. ನಾನು ಪೂರ್ತಿ ಒಂದೇ ಕಡೆ ಇಟ್ಟಿದ್ದೆ. ಅಣ್ಣತಮ್ಮಂದಿರ ಗೋಡೆಯಂತೆ ಅರ್ಧರ್ಧ ಹಂಚಿದ ಮೇಲೆ ಸರಿಹೋಯಿತು.

ಸರಿಹೋಯಿತು ಅಂದುಕೊಂಡು ಕಾರ್ಡು ಹೊಡೆಸಿದೆವು. ನಾಲ್ಕು ಬೆರಳು ನೇಯುವಷ್ಟರಲ್ಲಿ ಮಾವ ಲಾಳಿ ನಿಲ್ಲಿಸಿದರು. "ಇದೇನು ಅಳಿಯ, ಕಾಯಿಗೆ ನುಸಿ ಮುತ್ತಿದಂಗೈತಲ್ಲ." ಗೆರೆಗಳ ಆಚೆ ಸಣ್ಣ ಚುಕ್ಕೆಗಳ ಸಾಲು. ಫೂರಿಯರ್ ವಿಧಾನ ಚೂಪಾದ ಅಂಚನ್ನು ಸಹಿಸದು. ಅದರ ಎರಡೂ ಪಕ್ಕ ಅಲುಗಾಡುತ್ತದೆ. ಅಗಲವಾದ ಪಟ್ಟೆಯ ಅಂಚಿನಲ್ಲಿ ಜಿಗಿತದ ಸುಮಾರು 9%ರಷ್ಟು ಮೇಲೇರುವುದನ್ನು ವಿಲ್‌ಬ್ರಹಾಂ 1848ರಲ್ಲೇ ಬರೆದಿದ್ದ. ಹೆಸರು ಮಾತ್ರ ಗಿಬ್ಸ್‌ಗೆ ಹೋಯಿತು. ಒಂಟಿ ಎಳೆಯ ಗೆರೆಯಾದರೆ ಎರಡೂವರೆ ಎಳೆ ಆಚೆ ಎಂಟರಲ್ಲೊಂದು ಪಾಲಿನಷ್ಟು ನೆರಳು ಏಳುತ್ತದೆ. ತೊಟ್ಟಿನ ನವಿರು ಗೆರೆ ಕಳೆಯಬಾರದೆಂದು, ಹತ್ತರಲ್ಲೊಂದು ಪಾಲು ಬಂದರೂ ಚೌಕ ತುಂಬು ಎಂದು ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ನುಸಿಗೆ ಬಾಗಿಲು ತೆರೆದದ್ದು ನಾನು. ನೇಯ್ದದ್ದನ್ನು ಬಿಚ್ಚಿದರು, ಬೈಯಲಿಲ್ಲ. ಜರಿಯ ಬೆಲೆ ನನಗೆ ಗೊತ್ತಿತ್ತು.

ಚೌಕ ತುಂಬುವ ಆ ಮಿತಿಯನ್ನು ಅರ್ಧಕ್ಕೆ ಏರಿಸಿದ ಮೇಲೆ ಅಂಚು ಒಪ್ಪವಾಯಿತು. ಅದೇ ಧೈರ್ಯದಲ್ಲಿ ಸೆರಗಿಗೆ ಕೈಹಾಕಿದೆ. ಸೆರಗಿನ ಎಡತುದಿಯ ಜರಿಗೆರೆ ಬಲತುದಿಯಲ್ಲೂ ಇಣುಕಿತು! ಯೋಚಿಸಿದರೆ ತಪ್ಪು ಲೆಕ್ಕದ್ದಲ್ಲ. ಪರಿವರ್ತನೆಯಿಂದ ಬಿಡಿಬಿಡಿ ಚುಕ್ಕೆಗಳನ್ನಷ್ಟೇ ಇಟ್ಟುಕೊಂಡರೆ, ಬಟ್ಟೆಯ ಕಡೆ ವಿನ್ಯಾಸ ಮರುಕಳಿಸುತ್ತಲೇ ಹೋಗುತ್ತದೆ. 120ನೆಯ ಎಳೆಯ ಪಕ್ಕ ಮತ್ತೆ ಮೊದಲನೆಯ ಎಳೆ. ಅಂಚಿಗೆ ಅದು ವರ, ಅಂಚಿನ ಹುಟ್ಟುಗುಣವೇ ಮರುಕಳಿಸುವುದು. ಸೆರಗು ಹಾಗಲ್ಲ, ಅದು ಒಂದೇ ಸಲ ಬರುವುದು. ಸುತ್ತ ಖಾಲಿ ಚೌಕಗಳನ್ನು ಬಿಟ್ಟು ಪರಿವರ್ತಿಸಿದೆ. ಆಗ ಪರಿವರ್ತನೆಯ ಚುಕ್ಕೆಗಳು ಹತ್ತಿರ ಹತ್ತಿರವಾಗಿ ಪ್ರತಿಗಳು ದೂರ ಸರಿದವು. ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಕಥೆಯೂ ಇದೇ. 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸಲು ಟೀ ಅಕ್ಷರದಂತೆ ನೆಟ್ಟ ಆ ಆಂಟೆನಾಗಳಲ್ಲಿ ಒಂದೊಂದು ಜೋಡಿಯ ನಡುವಣ ಅಂತರ ಆಕಾಶದ ಫೂರಿಯರ್ ಪರಿವರ್ತನೆಯ ಒಂದೊಂದು ಚುಕ್ಕೆ. ಇಂಥ ದೂರದರ್ಶಕದ ವಿಜ್ಞಾನಿಗಳ ಕೈಗೆ ಸೀರೆ ಸಿಗುವುದೇ ಇಲ್ಲ, ಚುಕ್ಕೆಗಳಿಂದಲೇ ಆಕಾಶ ನೇಯಬೇಕು.

ಒಂದು ಅಡ್ಡಮಾತು: 1804ರ ಜಕಾರ್ಡ್ ಮಗ್ಗದ ಊರು ಫ್ರಾನ್ಸಿನ ಲಿಯಾನ್, ಫೂರಿಯರ್ 1815ರಲ್ಲಿ ಕೆಲದಿನ ಅದೇ ಸೀಮೆಗೆ ಪ್ರಿಫೆಕ್ಟ್, ನಮ್ಮ ಜಿಲ್ಲಾಧಿಕಾರಿಯಿದ್ದಂತೆ. ಮಗ್ಗದ ಸದ್ದು ಅವನ ಕಿವಿಗೂ ಬಿದ್ದಿರಬೇಕು.

ನಾನು ಕೊಟ್ಟ ಗ್ರಾಫನ್ನು ಮಾವ ಹಾಗೇ ನೇಯಲಿಲ್ಲ. ಜರಿ ಒಂದೇ ಸಮನೆ ಹತ್ತಾರು ಎಳೆ ತೇಲಿದರೆ ಉಂಗುರಕ್ಕೆ ಸಿಕ್ಕಿ ಕೀಳುತ್ತದೆಂದು ಅಲ್ಲಲ್ಲಿ ಕಟ್ಟು ಹಾಕಿದರು. ತೊಟ್ಟಿನ ಬಾಗನ್ನು ಅಳಿಸಿ ಬೇರೆ ಎಳೆದರು. ಅಷ್ಟೇ ಚುಕ್ಕೆಗಳ ಮೂಲಕ ಸಾವಿರ ಗೆರೆ ಹಾಯಬಹುದು. ಅರವತ್ತಕ್ಕಿಂತ ನವಿರಾದದ್ದು ಏನೂ ಇಲ್ಲ ಎಂಬ ಕರಾರಿನ ಮೇಲೆ ನಾನು ಒಂದನ್ನು ಆರಿಸಿದ್ದೆ, ಉಡುವವರಿಗೆ ತೊಡಕಬಾರದು ಎಂಬ ಕರಾರಿನ ಮೇಲೆ ಅವರು ಇನ್ನೊಂದನ್ನು. ಕುತೂಹಲಕ್ಕೆಂದು ಅವರು ತಿದ್ದಿದ ಗ್ರಾಫಿನ ಪರಿವರ್ತನೆಯನ್ನೂ ತೆಗೆದು ನೋಡಿದೆ. ಅರವತ್ತರ ಆಚೆ, ನಾನು ಸೊನ್ನೆ ತುಂಬಿದ್ದ ಕಡೆಯೆಲ್ಲ, ಸಂಖ್ಯೆಗಳಿದ್ದವು.