ನಿಂತುಹೋದ ಸಾಲನ್ನು ತೋರಿಸಿ ಕೇಳಿ

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಎಲ್ಲ ಅರ್ಥವಾಗುತ್ತದೆ. ಹಾಸ್ಟೆಲಿಗೆ ಬಂದು ಗಣಿತ, ಮೆಕ್ಯಾನಿಕ್ಸ್ ಅಸೈನ್‌ಮೆಂಟ್ ಹಿಡಿದು ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಕೊನೆಗೆ ಯಾರದೋ ಪುಸ್ತಕ ನೋಡಿ ಬರೆದು ಕೊಡುತ್ತೇನೆ. ಸಹಾಯವನ್ನು ಯಾರ ಹತ್ತಿರ, ಹೇಗೆ ಕೇಳಬೇಕು? ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೇನೋ ಎಂಬ ಭಯವೂ ಇದೆ.
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಭಯದ ಮಾತು. ಬೋರ್ಡಿನ ಮೇಲೆ ಅರ್ಥವಾದದ್ದು ಹಾಳೆಯ ಮೇಲೆ ಬಾರದಿರುವುದು ದಡ್ಡತನವಲ್ಲ. ಮೇಷ್ಟ್ರು ಲೆಕ್ಕ ಬಿಡಿಸುವಾಗ ಎಲ್ಲಿಂದ ಶುರು ಮಾಡಬೇಕು, ಯಾವ ಸೂತ್ರ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನಗಳನ್ನೆಲ್ಲ ಅವರೇ ಮಾಡಿರುತ್ತಾರೆ. ನೀವು ಹಿಂಬಾಲಿಸಿದರೆ ಸಾಕು. ಹಾಸ್ಟೆಲಿನಲ್ಲಿ ಆ ತೀರ್ಮಾನಗಳು ನಿಮ್ಮ ಪಾಲಿಗೆ ಬರುತ್ತವೆ. ಅವನ್ನು ಕಲಿಯಲಿ ಎಂದೇ ಅಸೈನ್‌ಮೆಂಟ್ ಕೊಡುವುದು. ನೋಡಿ ಬರೆದಾಗ ಕಳೆದುಹೋಗುವುದೂ ಅವೇ. ಇಂಟರ್ನಲ್ ಅಂಕ ಸಿಗುತ್ತದೆ, ಆದರೆ ಪರೀಕ್ಷೆಯ ಕೊಠಡಿಯಲ್ಲಿ ಮತ್ತೆ ಅದೇ ಖಾಲಿ ಹಾಳೆ.

ಸಹಾಯ ಕೇಳುವುದು ತಪ್ಪಲ್ಲ. ಯಾವ ಸಹಾಯ ಕೇಳುತ್ತೀರಿ ಎಂಬುದರಲ್ಲಿ ಎಲ್ಲ ಇದೆ. ಒಂದು ಲೆಕ್ಕ ಹಿಡಿದೇ ನೋಡೋಣ.

10 ಕಿಲೋಗ್ರಾಂ ದ್ರವ್ಯರಾಶಿಯ ಏಕರೂಪದ ಏಣಿಯೊಂದು ನುಣುಪಾದ ಗೋಡೆಗೆ ಒರಗಿದೆ, ನೆಲದೊಂದಿಗೆ 60 ಡಿಗ್ರಿ ಕೋನ ಮಾಡಿದೆ. ನೆಲ ಒರಟು, ಘರ್ಷಣಾ ಗುಣಾಂಕ 0.5. ಏಣಿಯ ಬುಡದಲ್ಲಿ ಘರ್ಷಣೆ ಎಷ್ಟು? ಮೆಕ್ಯಾನಿಕ್ಸ್ ಓದುವವರಿಗೆಲ್ಲ ಎದುರಾಗುವ ಲೆಕ್ಕ ಇದು. ಬಹಳಷ್ಟು ವಿದ್ಯಾರ್ಥಿಗಳು ಬರೆಯುವುದು ಹೀಗೆ: ಏಣಿಯ ಭಾರ 98 ನ್ಯೂಟನ್, ಗೋಡೆ ನುಣುಪಾದ್ದರಿಂದ ನೆಲದ ಲಂಬ ಬಲವೂ 98, ಘರ್ಷಣೆ ಅದರ 0.5 ಪಟ್ಟು, ಅಂದರೆ 49 ನ್ಯೂಟನ್. ಲೆಕ್ಕ ಮುಗಿಯಿತು ಅನ್ನಿಸುತ್ತದೆ. ಆದರೆ ಏಣಿಯ ಬುಡದ ಸುತ್ತ ಮೊಮೆಂಟ್ ತೆಗೆದುಕೊಂಡರೆ ಗೋಡೆ ಏಣಿಯನ್ನು ತಳ್ಳುವ ಬಲ 28.3 ನ್ಯೂಟನ್ ಎಂದು ಬರುತ್ತದೆ. ಅಡ್ಡ ದಿಕ್ಕಿನಲ್ಲಿ ಇರುವುದು ಇವೆರಡೇ ಬಲ. ಒಂದು ಕಡೆ 49, ಇನ್ನೊಂದು ಕಡೆ 28.3 ಆದರೆ ಏಣಿ ಗೋಡೆಯ ಕಡೆಗೆ ಸರಿಯಬೇಕು. ಅದು ಸುಮ್ಮನೆ ನಿಂತಿದೆಯಲ್ಲ?

ಈಗ ಇಬ್ಬರು ವಿದ್ಯಾರ್ಥಿಗಳು ಮೇಷ್ಟ್ರ ಬಳಿ ಹೋಗುತ್ತಾರೆ ಅಂದುಕೊಳ್ಳಿ. ಒಬ್ಬರು, ‘ಸರ್, ಏಳನೇ ಲೆಕ್ಕ ಬರ್ತಿಲ್ಲ, ಮಾಡಿಕೊಡಿ’ ಅನ್ನುತ್ತಾರೆ. ಮೇಷ್ಟ್ರು ಲೆಕ್ಕ ಪೂರ್ತಿ ಬಿಡಿಸುತ್ತಾರೆ, ಇವರು ಬರೆದುಕೊಂಡು ಬರುತ್ತಾರೆ. ಇನ್ನೊಬ್ಬರು ಪುಸ್ತಕ ತೆರೆದಿಟ್ಟು, ‘ಸರ್, ಘರ್ಷಣೆ 49 ಬಂತು, ಮೊಮೆಂಟ್‌ನಿಂದ ಗೋಡೆಯ ಬಲ 28.3 ಬಂತು, ಎರಡೂ ಸಮ ಆಗ್ತಿಲ್ಲ. ಈ ಎರಡರಲ್ಲಿ ಯಾವುದು ತಪ್ಪು?’ ಅನ್ನುತ್ತಾರೆ. ಇವರಿಗೆ ಮೇಷ್ಟ್ರು ಒಂದೇ ಮಾತು ಹೇಳಿದರೆ ಸಾಕು: ‘ಗುಣಾಂಕ ಮತ್ತು ಲಂಬ ಬಲದ ಗುಣಲಬ್ಧ ಘರ್ಷಣೆಯ ಗರಿಷ್ಠ ಮಿತಿ. ವಸ್ತು ಜಾರದೆ ನಿಂತಿದ್ದರೆ ಘರ್ಷಣೆ ಎಷ್ಟು ಬೇಕೋ ಅಷ್ಟೇ ಇರುತ್ತದೆ.’ ಅಂದರೆ ಘರ್ಷಣೆ 28.3 ನ್ಯೂಟನ್, 49ರ ಮಿತಿಯೊಳಗಿದೆ, ಹಾಗಾಗಿ ಏಣಿ ಜಾರುವುದಿಲ್ಲ. ಈ ಒಂದು ಮಾತು ಮುಂದೆ ಇಳಿಜಾರಿನ ಮೇಲಿನ ವಸ್ತು, ತಿರುವಿನಲ್ಲಿ ಓಡುವ ಕಾರು, ಉರುಳುವ ಚಕ್ರ, ಎಲ್ಲ ಲೆಕ್ಕಕ್ಕೂ ಆಗಿಬರುತ್ತದೆ. ಮೊದಲನೆಯವರಿಗೆ ಒಂದು ಲೆಕ್ಕದ ಉತ್ತರ ಸಿಕ್ಕಿತು, ಎರಡನೆಯವರಿಗೆ ಘರ್ಷಣೆಯೇ ಅರ್ಥವಾಯಿತು.

ಹಾಗಾಗಿ ಕೇಳಲು ಹೋಗುವ ಮುನ್ನ ಪುಸ್ತಕದಲ್ಲಿ ಮೂರು ಸಂಗತಿ ಇರಲಿ: ಲೆಕ್ಕದಲ್ಲಿ ಕೊಟ್ಟದ್ದು ಏನು, ಕೇಳಿದ್ದು ಏನು, ನೀವು ಎಲ್ಲಿಯವರೆಗೆ ಬಂದು ಯಾವ ಸಾಲಿನಲ್ಲಿ ಯಾಕೆ ನಿಂತಿರಿ. ಮೆಕ್ಯಾನಿಕ್ಸ್ ಆದರೆ ಫ್ರೀ ಬಾಡಿ ಡಯಾಗ್ರಾಮ್ ಇಲ್ಲದೆ ಹೋಗಲೇಬೇಡಿ. ಒಂದೇ ವಸ್ತುವನ್ನು ಬಿಡಿಸಿಕೊಂಡು, ಅದರ ಮೇಲೆ ಬೀಳುವ ಪ್ರತಿ ಬಲಕ್ಕೂ ಬಾಣ ಹಾಕಿ, ಆ ಬಲವನ್ನು ಕೊಡುತ್ತಿರುವುದು ಯಾರು ಎಂದು ಪಕ್ಕದಲ್ಲಿ ಬರೆಯಿರಿ: ಭೂಮಿ, ನೆಲ, ಗೋಡೆ, ಹಗ್ಗ. ಕೊಡುವವರ ಹೆಸರು ಬರೆಯಲಾಗದ ಬಾಣ ಚಿತ್ರದಲ್ಲಿ ಇರಕೂಡದು. ಎಷ್ಟೋ ಸಲ ಈ ಚಿತ್ರ ಬರೆಯುವಾಗಲೇ ಗಂಟು ಬಿಚ್ಚಿಕೊಳ್ಳುತ್ತದೆ, ಕೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಸಾಲೇ ಹೊಳೆಯುವುದಿಲ್ಲ ಅಂದಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರ ಮೂಲ ಹಲವು ಸಲ ಗಣಿತದಲ್ಲಿ ಇರುವುದಿಲ್ಲ, ಪ್ರಶ್ನೆಯ ಇಂಗ್ಲಿಷಿನಲ್ಲಿರುತ್ತದೆ. ಅಲ್ಲಿನ ಸಣ್ಣ ಸಣ್ಣ ಪದಗಳೇ ಸಮೀಕರಣಗಳು. ‘ಸ್ಮೂತ್’ ಅಂದರೆ ಘರ್ಷಣೆ ಸೊನ್ನೆ. ‘ಲೈಟ್ ಸ್ಟ್ರಿಂಗ್’ ಅಂದರೆ ಹಗ್ಗದ ದ್ರವ್ಯರಾಶಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ‘ಇನ್‌ಎಕ್ಸ್‌ಟೆನ್ಸಿಬಲ್’ ಅಂದರೆ ಹಗ್ಗ ಹಿಗ್ಗುವುದಿಲ್ಲ. ಹಾಗಾಗಿ ಒಂದೇ ಸ್ಥಿರ ರಾಟೆಯ ಮೇಲೆ ಹಾದ ಹಗ್ಗದ ಎರಡು ತುದಿಯ ವಸ್ತುಗಳ ವೇಗೋತ್ಕರ್ಷದ ಪ್ರಮಾಣ ಒಂದೇ. ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’ ಅಂದರೆ ಆರಂಭದ ವೇಗ ಸೊನ್ನೆ. ‘ಜಸ್ಟ್ ಅಬೌಟ್ ಟು ಸ್ಲಿಪ್’ ಅಂದಾಗ ಮಾತ್ರ ಘರ್ಷಣೆಗೆ ಗರಿಷ್ಠ ಬೆಲೆ ಹಾಕಬಹುದು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇಂಥ ಪದಗಳ ಪಟ್ಟಿ ಇಟ್ಟು, ಎದುರಿಗೆ ಅದರ ಸಮೀಕರಣ ಬರೆಯುತ್ತಾ ಹೋಗಿ. ಪ್ರಶ್ನೆಯನ್ನು ನಿಮ್ಮ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯಿರಿ.

ಇನ್ನು ಯಾರನ್ನು ಕೇಳುವುದು? ಮೊದಲಿಗೆ ಪಾಠ ಮಾಡುವವರನ್ನೇ. ಕ್ಲಾಸು ಮುಗಿದ ಗಡಿಬಿಡಿಯಲ್ಲಿ ಬೇಡ. ಬಿಡುವು ಯಾವಾಗ ಎಂದು ಕೇಳಿಕೊಂಡು ಸ್ಟಾಫ್ ರೂಮಿಗೆ ಹೋಗಿ. ಪ್ರಯತ್ನ ಮಾಡಿ ತಂದ ಪುಸ್ತಕ ಕಂಡರೆ ಒಳ್ಳೆಯ ಅಧ್ಯಾಪಕರಿಗೆ ಸಂತೋಷವೇ ಆಗುತ್ತದೆ. ಎರಡನೆಯದು ಗೆಳತಿಯರ ಗುಂಪು. ಮೂರ್ನಾಲ್ಕು ಜನ ಸಾಕು. ಒಂದು ನಿಯಮ ಇಟ್ಟುಕೊಳ್ಳಿ: ಎಲ್ಲರೂ ಮೊದಲು ತಾವೇ ಪ್ರಯತ್ನಿಸಿ ಬರಬೇಕು, ಪರಸ್ಪರ ಚರ್ಚಿಸಬೇಕು, ಕೊನೆಗೆ ಬರೆಯುವಾಗ ಪುಸ್ತಕ ಮುಚ್ಚಿ ತಾವೇ ಬರೆಯಬೇಕು. ಅರ್ಥವಾದವರು ಆಗದವರಿಗೆ ಹೇಳಿಕೊಟ್ಟರೆ ಇಬ್ಬರಿಗೂ ಗಟ್ಟಿಯಾಗುತ್ತದೆ.

ಹೊರಗೂ ಬೇಕಾದಷ್ಟು ನೆರವಿದೆ, ಅದೂ ಉಚಿತವಾಗಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಗಣಿತ, ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಪಾಠಗಳ ವಿಡಿಯೊ ಸಿಗುತ್ತವೆ. ಅಮೆರಿಕದ ಎಂಐಟಿ ತನ್ನ ಓಪನ್‌ಕೋರ್ಸ್‌ವೇರ್‌ನಲ್ಲಿ ಪಾಠಗಳನ್ನು, ಹಲವು ಕೋರ್ಸುಗಳ ಹೋಮ್‌ವರ್ಕ್ ಲೆಕ್ಕಗಳನ್ನು ಉತ್ತರ ಸಮೇತ ಇಟ್ಟಿದೆ. ಅಲ್ಲಿನ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜಿಬ್ರಾ ಪಾಠಗಳು ಜಗತ್ತಿನಾದ್ಯಂತ ವಿದ್ಯಾರ್ಥಿಗಳಿಗೆ ಆಸರೆಯಾಗಿವೆ. ಪುಸ್ತಕ ಒಂದೇ ಹೇಳಿ ಅಂದರೆ, ಹಂಗೆರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಪ್ರಕಟಿಸಿದ ‘ಹೌ ಟು ಸಾಲ್ವ್ ಇಟ್’ ಅನ್ನು ಲೈಬ್ರರಿಯಲ್ಲಿ ಹುಡುಕಿ. ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಆ ದಾರಿಯಲ್ಲಿ ನಡೆಯುವುದು, ಮುಗಿದ ಮೇಲೆ ಹಿಂತಿರುಗಿ ನೋಡುವುದು ಎಂಬ ನಾಲ್ಕು ಹಂತಗಳನ್ನು ಅದು ಕಲಿಸುತ್ತದೆ. ಮೇಷ್ಟ್ರ ನೆರವು ಅತಿಯೂ ಆಗಬಾರದು, ತೀರಾ ಕಡಿಮೆಯೂ ಆಗಬಾರದು, ಕೆಲಸದ ನ್ಯಾಯವಾದ ಪಾಲು ವಿದ್ಯಾರ್ಥಿಗೇ ಉಳಿಯಬೇಕು ಎಂಬುದು ಪೋಲ್ಯಾ ಅವರ ನಿಲುವು.

ಈಗ ಮೊಬೈಲಿನಲ್ಲಿ ಎಐ ಚಾಟ್‌ಬಾಟ್‌ಗಳೂ ಇವೆ. ಫೋಟೊ ಹಾಕಿದರೆ ಲೆಕ್ಕ ಪೂರ್ತಿ ಬಿಡಿಸಿಕೊಡುತ್ತವೆ. ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳಬಲ್ಲವು. ಅವನ್ನು ಬಳಸಿದರೂ ಇದೇ ನಿಯಮ: ‘ಉತ್ತರ ಬೇಡ, ನನ್ನ ಮೂರನೇ ಸಾಲಿನಲ್ಲಿ ತಪ್ಪು ಎಲ್ಲಿದೆ, ಒಂದು ಸುಳಿವು ಕೊಡು’ ಎಂದು ಕೇಳಿ. ಕೊಟ್ಟ ಉತ್ತರವನ್ನು ನೀವೇ ಪರೀಕ್ಷಿಸದೆ ಒಪ್ಪಬೇಡಿ.

ಪರೀಕ್ಷಿಸುವ ದಾರಿಗಳೂ ಸುಲಭ. ಇಂಟಿಗ್ರೇಷನ್ ಮಾಡಿದ್ದರೆ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ, ಮೊದಲಿನದು ಸಿಗಬೇಕು. ಡಿಫರೆನ್ಶಿಯಲ್ ಈಕ್ವೇಷನ್ ಆದರೆ ಉತ್ತರವನ್ನು ಅದರಲ್ಲೇ ಹಾಕಿ ನೋಡಿ. ಮೆಕ್ಯಾನಿಕ್ಸ್‌ನಲ್ಲಿ ಮೊದಲು ಯೂನಿಟ್ ನೋಡಿ, ಆಮೇಲೆ ಕೊನೆಯಂಚಿನ ಸ್ಥಿತಿ ಊಹಿಸಿ. ನಮ್ಮ ಏಣಿಯನ್ನು ನೆಟ್ಟಗೆ ಮಾಡುತ್ತಾ ಹೋದರೆ ಗೋಡೆಯ ಬಲ ಸೊನ್ನೆಯ ಹತ್ತಿರ ಬರಬೇಕು, ಮಲಗಿಸುತ್ತಾ ಹೋದರೆ ಜಾಸ್ತಿಯಾಗಬೇಕು. ನಿಮ್ಮ ಸೂತ್ರ ಹಾಗೆ ನಡೆದುಕೊಳ್ಳದಿದ್ದರೆ ಎಲ್ಲೋ ತಪ್ಪಿದೆ. ಅಂದಹಾಗೆ, ಆ ಲೆಕ್ಕದಲ್ಲಿ ಏಣಿಯ ಉದ್ದ ಕೊಟ್ಟಿರಲಿಲ್ಲ, ಗಮನಿಸಿದಿರಾ? ಮೊಮೆಂಟ್ ಸಮೀಕರಣದ ಎರಡೂ ಬದಿಯಲ್ಲಿ ಉದ್ದ ಬಂದು ಹೊಡೆದುಹೋಗುತ್ತದೆ. ‘ಉದ್ದ ಕೊಟ್ಟಿಲ್ಲ’ ಎಂದು ಗಾಬರಿಯಾಗದೆ ಒಂದು ಅಕ್ಷರ ಇಟ್ಟು ಮುಂದೆ ಸಾಗಿದವರಿಗೆ ಮಾತ್ರ ಇದು ಕಾಣುತ್ತದೆ.

ಒಂದು ಲೆಕ್ಕಕ್ಕೆ ಅರ್ಧ ಗಂಟೆ ಪ್ರಾಮಾಣಿಕವಾಗಿ ಕೂತರೂ ದಾರಿ ಕಾಣದಿದ್ದರೆ ಆಮೇಲೆ ಕೇಳಲು ಸಂಕೋಚ ಬೇಡ. ಅದಕ್ಕಿಂತ ಮುಂಚೆ ಕೇಳುವ ಆತುರವೂ ಬೇಡ. ಈ ವಾರದ ಅಸೈನ್‌ಮೆಂಟಿನಲ್ಲಿ ಒಂದೇ ಒಂದು ಲೆಕ್ಕ ಆರಿಸಿಕೊಳ್ಳಿ. ನಿಂತುಹೋದ ಸಾಲಿನ ಕೆಳಗೆ ಗೆರೆ ಎಳೆದು, ಆ ಪುಸ್ತಕ ಹಿಡಿದು ನಿಮ್ಮ ಮೇಷ್ಟ್ರ ಹತ್ತಿರ ಹೋಗಿ. ನಿಮ್ಮನ್ನು ಯಾರೂ ದಡ್ಡಿ ಅನ್ನುವುದಿಲ್ಲ.