ಒಬ್ಬಳಿಗೆ ಒಂದೇ ಸಾಲು

ಪೂರ್ವವಿದ್ಯಾರ್ಥಿನಿಯರ ಯಾದಿಯನ್ನು ಈಗ ಹಲವು ಶಾಲೆಗಳು ಕಂಪ್ಯೂಟರಿನ ಡೇಟಾಬೇಸಿನಲ್ಲಿ ಇಡುತ್ತಿರುವವು. ಡೇಟಾಬೇಸು ಎಂದರೆ ಸಾಲುಗಳೂ ಅಂಕಣಗಳೂ ಉಳ್ಳ ಕೋಷ್ಟಕಗಳ ಸಮೂಹ. ಒಬ್ಬೊಬ್ಬಳಿಗೆ ಒಂದೊಂದು ಸಾಲು. ಆದರೆ ಹೆಸರುಗಳು ಹಳೆಯ ವಹಿಯಿಂದಲೂ, ತುಂಬಿ ಕಳಿಸಿದ ಅರ್ಜಿಗಳಿಂದಲೂ, ಗೆಳತಿಯರು ಕೊಟ್ಟ ಯಾದಿಗಳಿಂದಲೂ ಬರುವದರಿಂದ ಒಬ್ಬಳೇ ಎರಡು ಮೂರು ಸಾಲುಗಳಲ್ಲಿ ಸೇರಿಬಿಡುವಳು. ವ್ಯಾಕರಣದಲ್ಲಿ ದ್ವಿರುಕ್ತಿಯು ಮಾತಿಗೆ ಬಲ ಕೊಡುವದು. ಯಾದಿಯಲ್ಲಿ ಅದು ದೋಷವೇ ಸರಿ. ಒಬ್ಬಳಿಗೆ ಎರಡು ಆಮಂತ್ರಣಗಳು ಹೋಗುವದು ಸಣ್ಣ ಮಾತು. ಆದರೆ ಒಂದು ಸಾಲಿಗೆ ಅವಳ ಅಂಕಗಳೂ ಮತ್ತೊಂದಕ್ಕೆ ಶಿಷ್ಯವೇತನದ ಲೆಕ್ಕವೂ ಹೊಂದಿಕೊಂಡಿರುವಾಗ ಯಾರಾದರೂ ಅವಸರದಿಂದ ಒಂದನ್ನು ಅಳಿಸಿದರೆ, ಆಕೆಯು ದಾಖಲೆಗಾಗಿ ಬಂದ ದಿವಸ ಕೊಡುವದಕ್ಕೆ ಏನೂ ಉಳಿದಿರುವದಿಲ್ಲ.

ಈ ದೋಷಕ್ಕೆ ತಡೆಯೆಂದರೆ ‘ಯುನಿಕ್ ಕೀ’. ಒಂದು ಸಾಲಿನಲ್ಲಿ ಬಂದ ಗುರುತು ಇನ್ನೊಂದರಲ್ಲಿ ಬರಕೂಡದೆಂಬ ಕಟ್ಟಳೆಯಿದು. ಕಟ್ಟಳೆಯಾದ ಮೇಲೆ ಎರಡನೆಯ ಸಾಲನ್ನು ಯಂತ್ರವೇ ತಿರಸ್ಕರಿಸುವದು. ಆದರೆ ದ್ವಿರುಕ್ತಿಗಳು ಮೊದಲೇ ಇದ್ದರೆ ಅದು ಕಟ್ಟಳೆಯನ್ನೇ ಒಪ್ಪುವದಿಲ್ಲ. ಹಿಂದೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ, ಒಂದು ಸಾಲನ್ನು ಇಟ್ಟುಕೊಂಡು ಉಳಿದವುಗಳನ್ನು ಕೇಳದೆಯೇ ಅಳಿಸಿ ಕೀಲಿ ಹಾಕುವ ಆಜ್ಞೆಯೊಂದಿತ್ತು. 2015ರಲ್ಲಿ ಬಂದ 5.7ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಯಾವ ಅಂಕಣಕ್ಕೆ ಕೀಲಿ ಹಾಕಬೇಕೆಂಬದೇ ಮೊದಲ ವಿಚಾರ. ಹೆಸರಿಗೆ ಸಲ್ಲದು, ಊರ ಹೆಸರೇ ಅಡ್ಡಹೆಸರಾಗುವ ನಮ್ಮ ಕಡೆ ಒಂದೇ ಹೆಸರಿನವರು ಹಲವರು, ಮೇಲಾಗಿ ಮದುವೆಯ ತರುವಾಯ ಹೆಣ್ಣುಮಕ್ಕಳ ಹೆಸರು ಬದಲಾಗುವದು. ಫೋನಿನ ಸಂಖ್ಯೆಗೂ ಸಲ್ಲದು. ಅಕ್ಕತಂಗಿಯರಿಬ್ಬರು ತಂದೆಯ ಒಂದೇ ಸಂಖ್ಯೆಯನ್ನು ಕೊಟ್ಟಿದ್ದರೆ ತಂಗಿಗೆ ಸ್ಥಳವಿಲ್ಲದಂತಾಗುವದು. ಜನರಲ್ ರಜಿಸ್ಟರಿನ ದಾಖಲಾತಿ ಸಂಖ್ಯೆಯೇ ಯೋಗ್ಯವಾದದ್ದು. ಪ್ರಾಥಮಿಕ ಶಾಲೆಗೂ ಹೈಸ್ಕೂಲಿಗೂ ಬೇರೆ ಬೇರೆ ರಜಿಸ್ಟರುಗಳಿದ್ದಲ್ಲಿ ವಿಭಾಗ, ಸಂಖ್ಯೆ ಎರಡನ್ನೂ ಕೂಡಿಸಿ ಕೀಲಿ ಮಾಡತಕ್ಕದ್ದು. ಇದನ್ನು ಅಲಕ್ಷಿಸಿದರೆ ಏನಾಗುವದೆಂಬದು 2025ರ ಮಾರ್ಚಿನಲ್ಲಿ ದೇಶಕ್ಕೆಲ್ಲ ತಿಳಿಯಿತು. ಬೇರೆ ಬೇರೆ ರಾಜ್ಯಗಳ ಮತದಾರರ ಗುರುತಿನ ಚೀಟಿಗಳಲ್ಲಿ ಒಂದೇ ಸಂಖ್ಯೆ ಬಂದಿದ್ದಿತು. ಸಂಖ್ಯೆ ಒಂದೇ ಆದರೂ ಅವರು ಬೇರೆ ಬೇರೆ ಮತದಾರರೇ ಎಂದು ಚುನಾವಣಾ ಆಯೋಗವು ಸ್ಪಷ್ಟಪಡಿಸಿ, ಅವರಿಗೆ ಪ್ರತ್ಯೇಕ ಸಂಖ್ಯೆ ಕೊಡುವದಾಗಿ ಹೇಳಿತು. ಅಂಥಲ್ಲಿ ಸಂಖ್ಯೆಯನ್ನು ತಿದ್ದಬೇಕೇ ಹೊರತು ಮನುಷ್ಯನನ್ನು ಅಳಿಸಲಾಗದು.

ಇದರ ವಿರುದ್ಧ ದೋಷವು ಕಣ್ಣಿಗೆ ಬೀಳುವದು ಕಷ್ಟ. ನಮ್ಮ ಕಲ್ಲೋಳಿಯನ್ನೇ ತೆಗೆದುಕೊಳ್ಳಿರಿ. ಮೊದಲು ಗೋಕಾಕ ತಾಲೂಕಿನಲ್ಲಿದ್ದ ಊರು ಈಗ ಮೂಡಲಗಿ ತಾಲೂಕಿನಲ್ಲಿದೆ. ಜಿಲ್ಲೆಯ ಹೆಸರೂ 2014ರ ನವೆಂಬರ 1ರಿಂದ ಬೆಳಗಾವಿ ಎಂದಾಗಿದೆ. ಹೀಗಾಗಿ ಒಂದೇ ಮನೆಯ ವಿಳಾಸವು ಎರಡು ಬಗೆಯಾಗಿ ಬರೆಯಲ್ಪಟ್ಟಿರುವದು. ಅಷ್ಟೇ ಅಲ್ಲ, ‘ಕಲ್ಲೋಳಿ’ಯಲ್ಲಿಯ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಇಡಬಹುದು. ಓದುವವರಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಊರುಗಳು! ಹೆಸರಿನ ಕೊನೆಗೆ ಉಳಿದ ಬರಿದಾದ ಜಾಗವೂ ಹೀಗೆಯೇ ಮೋಸ ಮಾಡುವದು. ಆದುದರಿಂದ ಹೋಲಿಸುವ ಮೊದಲು ಯುನಿಕೋಡಿನ ನಾರ್ಮಲೈಸೇಶನ್ ವಿಧಿಯಿಂದ ಅಕ್ಷರಗಳನ್ನು ಒಂದೇ ರೂಪಕ್ಕೆ ತರಬೇಕು.

ಇನ್ನು ಅಳಿಸುವ ಕಾರ್ಯ. ಮೊದಲು ಡೇಟಾಬೇಸಿನ ಪೂರ್ಣ ಪ್ರತಿಯನ್ನು ತೆಗೆದು, ಆ ಪ್ರತಿಯಿಂದ ಯಾದಿಯು ಮರಳಿ ನಿಲ್ಲುವದೋ ಎಂದು ಪರೀಕ್ಷಿಸಿರಿ. ಬಳಿಕ ಒಂದೇ ದಾಖಲಾತಿ ಸಂಖ್ಯೆಯುಳ್ಳ ಸಾಲುಗಳನ್ನು ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ಸಾಲುಗಳಿರುವ ಗುಂಪುಗಳನ್ನಷ್ಟೇ ಕಾಗದಕ್ಕೆ ಇಳಿಸಿ, ಮೂಲ ರಜಿಸ್ಟರಿನೊಡನೆ ತಾಳೆ ನೋಡಬೇಕು. ಇದು ಕಂಪ್ಯೂಟರಿನ ಕೆಲಸವಲ್ಲ, ಶಾಲೆಯನ್ನು ಬಲ್ಲವರ ಕೆಲಸ. ಯಾವ ಸಾಲು ಉಳಿಯಬೇಕೆಂದು ಗೊತ್ತುಪಡಿಸಿ, ಅದರಲ್ಲಿ ಬರಿದಾಗಿರುವ ಮನೆಗಳನ್ನು ಇನ್ನೊಂದರಿಂದ ತುಂಬಿರಿ. ಅನಂತರ ಹೋಗತಕ್ಕ ಸಾಲಿಗೆ ಹೊಂದಿಕೊಂಡ ಅಂಕ, ಶುಲ್ಕ, ಶಿಷ್ಯವೇತನಗಳನ್ನು ಉಳಿಯುವ ಸಾಲಿಗೆ ವರ್ಗಾಯಿಸಿರಿ. ಈ ಒಂದು ಮೆಟ್ಟಿಲನ್ನು ದಾಟಿಹೋದವರೇ ಹೆಚ್ಚಾಗಿ ಕೆಡುವರು. ಏಕೆಂದರೆ ಮುಖ್ಯ ಸಾಲು ಹೋದೊಡನೆ ಅದರ ಆಶ್ರಿತ ಸಾಲುಗಳೂ ತಾವಾಗಿ ಹೋಗುವಂಥ ಏರ್ಪಾಡು ಅನೇಕ ಡೇಟಾಬೇಸುಗಳಲ್ಲಿ ಮಾಡಲ್ಪಟ್ಟಿರುವದು. ಆಶ್ರಿತ ಸಾಲುಗಳ ಎಣಿಕೆಯು ವರ್ಗಾವಣೆಗೆ ಮೊದಲೂ ಅಳಿಸಿದ ತರುವಾಯವೂ ಒಂದೇ ಇರಬೇಕು. ತೆಗೆದ ಸಾಲುಗಳನ್ನು ಬೇರೊಂದು ಕೋಷ್ಟಕದಲ್ಲಿ, ಅವು ಯಾವ ಸಾಲಿನಲ್ಲಿ ಕೂಡಿದವೆಂಬ ಗುರುತಿನೊಡನೆ ಇಡತಕ್ಕದ್ದು.

ದಾಖಲಾತಿ ಸಂಖ್ಯೆ ತಿಳಿಯದವರ ಗತಿಯೇನು? ಅವರನ್ನು ತೆಗೆದುಹಾಕಿದರೆ ಯಾದಿಯೇನೋ ಅಂದವಾಗುವದು. ಆದರೆ 1951-52ರ ಪ್ರಥಮ ಮಹಾಚುನಾವಣೆಯ ಕಾಲಕ್ಕೆ, ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದ್ದ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಯಾದಿಯಿಂದ ಹೊರಗುಳಿದರು. ಆಗ ಸ್ತ್ರೀ ಮತದಾರರು ಸುಮಾರು 8 ಕೋಟಿ. ಗುರುತು ಅಪೂರ್ಣವಾದ ಮಾತ್ರಕ್ಕೆ ಹೆಣ್ಣುಮಕ್ಕಳ ಯಾದಿಯಿಂದ ಯಾರೂ ಹೋಗಬಾರದು. ಅಂಥವರ ಸಂಖ್ಯೆಯ ಮನೆಯನ್ನು ಬರಿದಾಗಿಯೇ ಬಿಡಿರಿ. ಬರಿಯ ಮನೆಗಳು ಎಷ್ಟಿದ್ದರೂ ಹೆಚ್ಚಿನ ಡೇಟಾಬೇಸುಗಳು ಯುನಿಕ್ ಕೀಗೆ ಒಪ್ಪುವವು. ಸೊನ್ನೆಯನ್ನು ಬರೆದರೆ ಮಾತ್ರ ಎರಡನೆಯ ಸೊನ್ನೆಗೇ ತಡೆ ಬೀಳುವದು.

ಅಳಿಸುವದಕ್ಕೂ ಕೀಲಿ ಹಾಕುವದಕ್ಕೂ ನಡುವೆ ಹೊಸ ಅರ್ಜಿಗಳು ಒಳಗೆ ಬಾರದಂತೆ ಕೋಷ್ಟಕವನ್ನು ಅಷ್ಟು ಹೊತ್ತು ಮುಚ್ಚಿಡಬೇಕು. ಪೂರ್ವವಿದ್ಯಾರ್ಥಿನಿಯರು ವಿಳಾಸ ಬದಲಾದಾಗ ಹೊಸ ಅರ್ಜಿಯನ್ನು ತುಂಬದೆ, ಶಾಲೆ ಬಿಟ್ಟ ದಾಖಲೆಯಲ್ಲಿರುವ ರಜಿಸ್ಟರ ಸಂಖ್ಯೆಯನ್ನೂ ಶಾಲೆಯಲ್ಲಿದ್ದಾಗಿನ ಪೂರ್ಣ ಹೆಸರನ್ನೂ ಬರೆದು ತಿಳಿಸಬೇಕಾಗಿ ವಿನಂತಿ. ದಾಖಲೆ ಕಳೆದಿದ್ದರೆ ತಂದೆಯ ಹೆಸರು, ಊರು, ಸೇರಿದ ವರ್ಷ ಇಷ್ಟನ್ನು ಬರೆಯಿರಿ. ರಜಿಸ್ಟರನ್ನು ನಾವೇ ನೋಡಿಕೊಳ್ಳುವೆವು.