ಮರದ ಕೆಚ್ಚು: ಹಳೆಯ ಪೀಠೋಪಕರಣಗಳ ಕಟ್ಟಿಗೆಯನ್ನು ಅರಿಯುವ ಬಗೆ

ಧೀರನಾದವನ ಎದೆಯನ್ನು ಕನ್ನಡಿಗರು ‘ಕೆಚ್ಚೆದೆ’ ಎಂದು ಕರೆಯುತ್ತಾರೆ. ಈ ಪದದ ಪೂರ್ವಾರ್ಧವು ಮರದ ಲೋಕಕ್ಕೆ ಸೇರಿದುದೆಂಬುದು ಎಲ್ಲರ ಗಮನಕ್ಕೂ ಬಂದಿರಲಾರದು. ಕೆಚ್ಚೆಂದರೆ ಮರದ ಒಡಲಿನಲ್ಲಿ ಬಲಿತು, ಬಣ್ಣಗಟ್ಟಿ, ಗಡುಸಾಗಿ ನಿಂತ ಒಳಭಾಗ. ಸಂಸ್ಕೃತದಲ್ಲಿ ಇದಕ್ಕೆ ‘ಸಾರ’ವೆಂದು ಹೆಸರು. ಇದರ ಸುತ್ತ, ತೊಗಟೆಗೆ ಹೊಂದಿಕೊಂಡು, ಬಿಳಿಯ ಪದರವೊಂದಿರುತ್ತದೆ. ಜೀವಂತ ವೃಕ್ಷದಲ್ಲಿ ಬೇರಿನ ನೀರು ಮೇಲೇರುವುದು ಈ ಬಿಳಿಪದರದ ಮೂಲಕವೇ. ಪಿಷ್ಟವು ಸಂಗ್ರಹವಾಗುವುದೂ ಇಲ್ಲಿಯೇ ಆದುದರಿಂದ, ಮರವು ಹಲಗೆಯಾದ ಮೇಲೆ ಹುಳುವು ಮೊದಲು ಬಾಯಿಯಿಕ್ಕುವುದೂ ಇದಕ್ಕೇ. ಹಳೆಯ ಮಂಚ, ಪೆಟ್ಟಿಗೆ, ವ್ಯಾಸಪೀಠಗಳಲ್ಲಿ ನೂರು ವರ್ಷ ಬಾಳಿದುದು ಯಾವುದು, ಪುಡಿಯಾದುದು ಯಾವುದು ಎಂದು ನೋಡಿದರೆ, ಬಹುಪಾಲು ಉತ್ತರವು ಕೆಚ್ಚು ಮತ್ತು ಬಿಳಿಪದರಗಳ ಈ ಭೇದದಲ್ಲಿಯೇ ದೊರೆಯುತ್ತದೆ.

ಈ ವಿಷಯವನ್ನು ಸ್ಮರಣ ಸಂಚಿಕೆಯಲ್ಲಿ ಪ್ರಸ್ತಾಪಿಸಲು ಕಾರಣವುಂಟು. ನಮ್ಮ ನಾಡಿನ ಮಠಗಳಲ್ಲಿಯೂ ಹಳೆಯ ವಿದ್ಯಾಸಂಸ್ಥೆಗಳಲ್ಲಿಯೂ ತಲೆಮಾರುಗಳಿಂದ ಬಂದ ಮೇಜು, ಮಣೆ, ಕಪಾಟು, ಸಂದೂಕಗಳು ಇಂದಿಗೂ ಉಳಿದಿವೆ. ಉಕ್ಕಿನ ಉಪಕರಣಗಳು ಬಂದೊಡನೆ ಇವು ಅಟ್ಟಕ್ಕೋ ಅಡುಗೆಯ ಸೌದೆಗೋ ಸಲ್ಲುತ್ತವೆ. ಇಲ್ಲವೇ ದಪ್ಪನೆಯ ಬಣ್ಣ ಬಳಿಸಿಕೊಂಡು ಗುರುತು ಸಿಗದಂತಾಗುತ್ತವೆ. ಬೀಟೆಯ ಮೇಜೊಂದು ಮಾವಿನ ಹಲಗೆಯ ಬೆಲೆಗೆ ಮಾರಾಟವಾಗುವುದಕ್ಕೆ ಬಡತನವು ಕಾರಣವಲ್ಲ. ಮರದ ಪರಿಚಯ ತಪ್ಪಿಹೋಗಿರುವುದೇ ಕಾರಣ.

ಪೂರ್ವಿಕರಿಗೆ ಈ ಪರಿಚಯವು ಶಾಸ್ತ್ರವಾಗಿಯೇ ಇತ್ತು. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಶಯ್ಯಾಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿದ್ದಾನೆ. ಅಸನ, ಚಂದನ, ದೇವದಾರು, ತಿಂದುಕ, ಸಾಲ, ಕಾಶ್ಮರಿ, ಶಾಕ, ಶಿಂಶಪಾ ಮೊದಲಾದವು ಮಂಚಕ್ಕೂ ಪೀಠಕ್ಕೂ ಯೋಗ್ಯವೆಂದು ಅಲ್ಲಿ ಹೇಳಿದೆ. ಸಿಡಿಲು ಬಡಿದ, ಗಾಳಿ ನೀರುಗಳಿಂದ ಉರುಳಿದ ಮರಗಳು ವರ್ಜ್ಯ. ಶುಭಾಶುಭಗಳ ಮಾತು ಹಾಗಿರಲಿ. ಸಿಡಿಲಿನಿಂದ ಸೀಳಿದ ಮರದೊಳಗೆ ಕಣ್ಣಿಗೆ ಕಾಣದ ಬಿರುಕು ಇದ್ದೇ ಇರುತ್ತದೆಂಬುದನ್ನು ಯಾವ ಬಡಗಿಯೂ ಅಲ್ಲಗಳೆಯನು. ಕಾಶ್ಮರಿಯೆಂದರೆ ನಮ್ಮ ಶಿವನಿ ಮರ. ಒಣಗುವಾಗ ಸೊಟ್ಟಗಾಗದೆ, ಬಿರಿಯದೆ ಉಳಿಯುವುದರಲ್ಲಿ ಅದಕ್ಕೆ ಸಾಟಿಯಾದವು ಕೆಲವೇ.

‘ಅಸನ’ದ ವಿಷಯದಲ್ಲಿ ಮಾತ್ರ ಕೋಶಕಾರರಲ್ಲಿ ಒಮ್ಮತವಿಲ್ಲ. ಕೆಲವರು ಮತ್ತಿಯೆನ್ನುತ್ತಾರೆ, ಕೆಲವರು ಹೊನ್ನೆಯೆನ್ನುತ್ತಾರೆ. ನಿಘಂಟಿನಿಂದ ಬಗೆಹರಿಯದ ಈ ವ್ಯಾಜ್ಯವನ್ನು ಬಡಗಿಯ ಮುಂದಿಟ್ಟರೆ ತೀರ್ಪು ಸುಲಭವಾಗಿ ದೊರೆಯುತ್ತದೆ. ಮತ್ತಿಯು ಭಾರವನ್ನೇನೋ ಹೊರುತ್ತದೆ; ಆದರೆ ಒಣಗುವಾಗ ಸೀಳುವ, ಡೊಂಕಾಗುವ ಗುಣ ಅದಕ್ಕೆ ಹೆಚ್ಚು. ತೊಲೆಗೆ ಅದು ತಕ್ಕುದು, ಮಂಚಕ್ಕಲ್ಲ. ಹೊನ್ನೆಯಾದರೋ ಚೆನ್ನಾಗಿ ಪಳಗುತ್ತದೆ. ಮೇಲಾಗಿ ಅಸನದ ಮಂಚವು ರೋಗಹರವೆಂದು ವರಾಹಮಿಹಿರನ ಮತ. ಹೊನ್ನೆಯ ಬಟ್ಟಲಿನಲ್ಲಿ ರಾತ್ರಿ ನೀರಿರಿಸಿ, ಬೆಳಿಗ್ಗೆ ಬಣ್ಣ ತಿರುಗಿದ ಆ ನೀರನ್ನು ಮಧುಮೇಹಿಗಳು ಕುಡಿಯುವ ರೂಢಿ ಇಂದಿಗೂ ನಮ್ಮಲ್ಲಿದೆ. ಆದುದರಿಂದ ಇಲ್ಲಿ ಅಸನವೆಂದರೆ ಹೊನ್ನೆಯೆಂದೇ ನನ್ನ ನಿರ್ಣಯ. ತೇವ ತಗುಲಿದ ಹೊನ್ನೆಯ ಹಲಗೆ ಬಟ್ಟೆಗೂ ಗೋಡೆಗೂ ಹಳದಿಯ ಕಲೆ ಹಚ್ಚುತ್ತದೆ. ಆ ಮರವನ್ನು ಗುರುತಿಸಲು ಇದೇ ಉಪಾಯ.

ಶಾಕವೆಂದರೆ ತೇಗ, ಉತ್ತರ ಕರ್ನಾಟಕದ ಮಾತಿನಲ್ಲಿ ಸಾಗವಾನಿ. ಹಳೆಯ ಪೀಠೋಪಕರಣಗಳಲ್ಲಿ ಇದಕ್ಕೆ ಅಗ್ರಸ್ಥಾನ ದೊರೆತುದು ಸೌಂದರ್ಯದಿಂದಲ್ಲ, ಸ್ವಭಾವದಿಂದ. ಇದರ ಕೆಚ್ಚಿನಲ್ಲಿ ಸಹಜವಾದ ಎಣ್ಣೆಯಂಶವಿದೆ. ಗೆದ್ದಲು ಹತ್ತಿರ ಸುಳಿಯದು, ಹೊಡೆದ ಮೊಳೆಗೂ ಬೇಗ ತುಕ್ಕು ಹಿಡಿಯದು. ಮಳೆಗಾಲದಲ್ಲಿ ಉಬ್ಬುವುದೂ ಬೇಸಿಗೆಯಲ್ಲಿ ಕುಗ್ಗುವುದೂ ಅತ್ಯಲ್ಪ. ಮೇಜಿನ ಸೆಳೆಖಾನೆ ಶ್ರಾವಣದಲ್ಲಿಯೂ ಬಿಗಿಯದೆ ಜಾರಿ ಬಂದರೆ ಅದು ತೇಗದ್ದಿರಬಹುದೆಂದು ಊಹಿಸಬಹುದು. 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆಯ ಕಂಬಗಳು ಈ ಮರದವು. ದಾಂಡೇಲಿ, ಹಳಿಯಾಳ ಕಾಡುಗಳ ತೇಗಕ್ಕೆ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಹೆಸರು; ಅದರೊಡನೆ ಬರ್ಮಾ ದೇಶದ ತೇಗವೂ ಹಡಗುಗಳಲ್ಲಿ ಬರುತ್ತಿತ್ತು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳೂ ಸಾಗವಾನಿಯವೇ. ಅರಗಿನ ಬಣ್ಣದ ಚಿತ್ರಗಳಿಂದ ಶೋಭಿಸುವ ಆ ತೊಟ್ಟಿಲಲ್ಲಿ ಮೊಮ್ಮಕ್ಕಳು, ಮರಿಮಕ್ಕಳು ಮಲಗಿದ ಮನೆಗಳು ಎಷ್ಟೋ ಇವೆ. ಚಿತ್ರವನ್ನು ಹೊಗಳುವವರು ಕೆಳಗಿನ ಮರವನ್ನೂ ಒಮ್ಮೆ ಮುಟ್ಟಿ ನೋಡಬೇಕು.

ಬೀಟೆಯ ಘನತೆಯೇ ಬೇರೆ. ನೇರಳೆ ಛಾಯೆಯ ಕಂದು ಮೈಯಲ್ಲಿ ಕಪ್ಪು ಗೆರೆಗಳು ಓಡಾಡಿರುತ್ತವೆ. ಆಂಗ್ಲರು ಇದಕ್ಕೆ ಗುಲಾಬಿಯ ಹೆಸರಿಟ್ಟುದು ಬಣ್ಣವನ್ನು ಕಂಡಲ್ಲ, ಹೊಸದಾಗಿ ಕೊಯ್ದಾಗ ಬರುವ ಪರಿಮಳವನ್ನು ಕಂಡು. ಒಣಗಿದ ತೇಗವು ಘನ ಅಡಿಗೆ ಸುಮಾರು 18 ಕಿಲೋ ತೂಗಿದರೆ ಬೀಟೆಯು 24 ಕಿಲೋದಷ್ಟು ತೂಗುತ್ತದೆ. ಸಂಸ್ಕೃತದ ಶಿಂಶಪಾ ಎಂಬುದು ಹಿಮಾಲಯದ ತಪ್ಪಲಿನ ಶೀಶಂ. ನಮ್ಮ ಬೀಟೆ ಅದರ ದಾಯಾದಿಯೇ ಹೊರತು ಅದೇ ಮರವಲ್ಲ. ಅಂಗಡಿಕಾರರು ಎರಡಕ್ಕೂ ಶೀಶಂ ಎಂಬ ಒಂದೇ ಹೆಸರನ್ನು ಹೇಳಿ ಬೆಲೆಕಟ್ಟುವುದರಿಂದ ಈ ಭೇದವನ್ನು ನೆನಪಿಡುವುದು ಲೇಸು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯಲ್ಲಿ ಅಂಬಾವಿಲಾಸಕ್ಕೆ ಪ್ರವೇಶ ಕೊಡುವ ಬಾಗಿಲು ದಂತದ ಕುಸುರಿಯುಳ್ಳ ಬೀಟೆಯದು. ಮೈಸೂರಿನ ಈ ಕುಸುರಿ ಕೆಲಸದಲ್ಲಿ ಬೀಟೆಯ ಕಪ್ಪು ನೆಲವನ್ನು ಕೊರೆದು ಬಿಳಿಯ ದಂತವನ್ನು ಕೂರಿಸುತ್ತಿದ್ದರು. ಭಾರತದ ದಂತದ ವ್ಯಾಪಾರಕ್ಕೆ 1986ರಲ್ಲಿ, ಆಫ್ರಿಕಾದ ದಂತಕ್ಕೆ 1991ರಲ್ಲಿ ನಿಷೇಧ ಬಂದ ಬಳಿಕ ಹಲಸು ಮುಂತಾದ ಬಣ್ಣ ಬಣ್ಣದ ಮರಗಳ ತುಣುಕುಗಳೇ ಆ ಕೆಲಸಕ್ಕೆ ಒದಗಿದವು. ಆನೆಗೆ ಒಳಿತಾಯಿತು; ಕಲೆಗೂ ಕೇಡಾಗಲಿಲ್ಲವೆಂದೇ ನನ್ನ ಭಾವನೆ. ಬೀಟೆಯೂ ಈಗ ವಿರಳ. ನಮ್ಮಲ್ಲಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2017ರಿಂದ ಈ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೊಳಪಟ್ಟಿದೆ. ಅಟ್ಟದ ಮೇಲಿನ ಒಂದು ಹಳೆಯ ಬೀಟೆಯ ಹಲಗೆ ಮತ್ತೆ ದೊರೆಯುವ ವಸ್ತುವಲ್ಲ.

ಬಯಲು ಸೀಮೆಯ ಬಡವರ ಮನೆಗಳಲ್ಲಿ ಬೇವು ಮಂಚಕ್ಕೂ ಬಾಗಿಲಿಗೂ ಒದಗುತ್ತಿತ್ತು. ಜಾಲಿಯು ಬಂಡಿಯ ಗಾಲಿಗೆ, ಕೃಷಿಯ ಸಲಕರಣೆಗಳಿಗೆ. ಹಲಸು ಕೊಯ್ದಾಗ ಅರಿಶಿನದ ಬಣ್ಣ, ವರ್ಷಗಳು ಕಳೆದಂತೆ ಕೆಂಗಂದು. ವೀಣೆಯ ಕೊಡಕ್ಕೆ ಅದೇ ಪ್ರಶಸ್ತ.

ಶ್ರೀಗಂಧವನ್ನು ಪೀಠೋಪಕರಣವೆನ್ನುವುದಕ್ಕಿಂತ ಅಲಂಕಾರದ ಮರವೆನ್ನಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದನು. ಕರ್ನಾಟಕದಲ್ಲಿ 2001ರ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೆ ಅದರ ಮೇಲೆ ಹಕ್ಕು ದೊರೆಯಿತು. ಸಾಗರ, ಸೊರಬಗಳ ಗುಡಿಗಾರರ ಕೈಯಲ್ಲಿ ಇದು ಪೆಟ್ಟಿಗೆಯಾಗಿ, ಚಾಮರವಾಗಿ, ಮೂರ್ತಿಯಾಗಿ ಅರಳಿದೆ. ಪರಿಮಳವು ಕೆಚ್ಚಿನದೇ, ಬಿಳಿಪದರಕ್ಕೆ ವಾಸನೆಯಿಲ್ಲ. ಯಾವುದೋ ಬಿಳಿಯ ಮರಕ್ಕೆ ಗಂಧದೆಣ್ಣೆ ತಿಕ್ಕಿ ಮಾರುವ ಚಾತುರ್ಯವೂ ಲೋಕದಲ್ಲಿದೆ. ಕೆಳಭಾಗವನ್ನು ಚೂರು ಕೆರೆದು ಮೂಸಿದರೆ ಅದರ ಬಣ್ಣ ಬಯಲಾಗುತ್ತದೆ.

ಗಡುಸಾದುದೇ ಶ್ರೇಷ್ಠವೆಂಬ ಭ್ರಮೆಯೂ ಸಲ್ಲದು. ಚನ್ನಪಟ್ಟಣದ ಬೊಂಬೆಗೆ ಬೇಕಾದುದು ಆಲೆ ಮರ: ಬಿಳುಪು, ನಯ, ನವಿರು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೂಡುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದವರು ಇನ್ನೂ ಹಗುರವಾದ ಮರವನ್ನು ಆರಿಸಿ, ಹುಣಿಸೆಬೀಜದ ಸರಿ, ಮರದ ಹೊಟ್ಟು ಕೂಡಿದ ‘ಕಿಟ್ಟ’ದಿಂದ ಅಂಗಾಂಗಗಳನ್ನು ಬೆಸೆಯುತ್ತಾರೆ. ಹೊತ್ತು ಮೆರೆಸುವ ಮೂರ್ತಿ ಬೀಟೆಯದಾದರೆ ಹೊತ್ತವನ ಹೆಗಲು ಗತಿಯೇನು? ಕಾಯಕಕ್ಕೆ ತಕ್ಕ ಮರ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಗಿಯೂ ವಚನಕಾರನಾಗಿದ್ದನೆಂಬುದನ್ನು ಇಲ್ಲಿ ಸ್ಮರಿಸಬಹುದು.

ಈಗ ಪರೀಕ್ಷೆಯ ಮಾತು. ಮೇಲ್ಮೈಯ ಬಣ್ಣವನ್ನು ನಂಬಬಾರದು. ತೇಗಕ್ಕೆ ಬೀಟೆಯ ಬಣ್ಣವನ್ನೂ, ಮಾವಿಗೆ ತೇಗದ ಬಣ್ಣವನ್ನೂ ಕೊಡುವುದು ಹಳೆಯ ವಿದ್ಯೆ. ಮೇಜನ್ನು ಮಗುಚಿ ಅಡಿಭಾಗವನ್ನು, ಸೆಳೆಖಾನೆಯ ಹಿಂಬದಿಯನ್ನು ನೋಡಬೇಕು. ಬಣ್ಣ ಬಳಿಯುವವನ ಕುಂಚ ಅಲ್ಲಿಗೆ ಹೋಗಿರುವುದಿಲ್ಲ. ಅಡ್ಡ ಕೊಯ್ದ ತುದಿಯಲ್ಲಿ ವರ್ಷದ ಬಳೆಗಳು ಸ್ಪಷ್ಟವಾಗಿದ್ದು, ಪ್ರತಿ ಬಳೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲಿದ್ದರೆ, ಹೆರೆದ ಪುಡಿ ಬೆರಳಿಗೆ ಜಿಡ್ಡೆನಿಸಿ ತೊಗಲಿನಂಥ ವಾಸನೆ ಬಂದರೆ ಅದು ತೇಗ. ಒಂದು ತುದಿಯನ್ನು ಎತ್ತಿ ನೋಡಿದಾಗ ತೋರಕ್ಕೆ ಮೀರಿದ ಭಾರವೆನಿಸಿದರೆ ಬೀಟೆಯನ್ನು ಶಂಕಿಸಬೇಕು. ಗುರುತು ಸಿಕ್ಕ ಮೇಲೆ ಕಾಸ್ಟಿಕ್ ಸೋಡದಿಂದ ತೊಳೆಯಬಾರದು, ಮರದ ಮೈ ಕಪ್ಪಾಗುತ್ತದೆ. ಎನಾಮಲ್ ಬಣ್ಣವನ್ನೂ ಬಳಿಯಬಾರದು. ಒಣಬಟ್ಟೆಯಿಂದ ಧೂಳು ತೆಗೆದು, ಅಗಸೆಯ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿದರೆ ಬಹುಪಾಲು ಸಾಮಾನುಗಳಿಗೆ ಸಾಕು. ಹೊಳಪು ಬೇಕೆಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಉಂಟು. ಸಣ್ಣ ರಂಧ್ರಗಳಿದ್ದರೆ ಕೆಳಗೆ ಕಾಗದ ಹಾಸಿ ಕೆಲವು ದಿನ ಕಾಯಬೇಕು. ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆ, ಔಷಧ ಬೇಕು. ಉದುರದಿದ್ದರೆ ಅದು ಬಿಳಿಪದರವನ್ನು ತಿಂದು ಮುಗಿಸಿ ಎಂದೋ ಹೊರಟುಹೋಗಿದೆ, ಒಳಗೆ ಕೆಚ್ಚು ಹಾಗೆಯೇ ಇದೆ.